ಹೊಲದ ಗಾಯವೂ ಅದನ್ನು ಮುಚ್ಚಿಡುವ ವಾಡಿಕೆಯೂ

ನೊಗದ ಉಜ್ಜಾಟದಿಂದ ಎತ್ತಿನ ಹೆಗಲು ಬಾತುಕೊಂಡುದಾದರೆ ಒಕ್ಕಲಿಗನು ಆ ದಿನವೇ ಅದನ್ನು ಗುರುತಿಸುವನು. ಉಳುಮೆಯನ್ನು ನಿಲ್ಲಿಸಿ, ಪಶುವೈದ್ಯರನ್ನು ಕರೆಯಿಸಿ, ಹುಣ್ಣು ಮಾಯುವವರೆಗೆ ಎತ್ತನ್ನು ಕೊಟ್ಟಿಗೆಯಲ್ಲಿಯೇ ಕಟ್ಟಿ ಮೇವು ಹಾಕುವನು. ಅದೇ ಹೊಲದಲ್ಲಿ ಕುಡುಗೋಲು ತಗಲಿ ಆಳಿನ ಬೆರಳು ಸೀಳಿದರೆ, ಅವನು ಬಟ್ಟೆಯ ಅಂಚನ್ನು ಹರಿದು ಸುತ್ತಿಕೊಂಡು ಕೊಯ್ಲನ್ನು ಮುಂದುವರಿಸುವನು. ಯಾರಾದರೂ ಕೇಳಿದರೆ, “ಏನೂ ಇಲ್ಲ ಗೌಡರೇ, ತರಚಿತಷ್ಟೆ” ಎನ್ನುವನು.

ಈ ವಾಡಿಕೆಯನ್ನು ಅಜ್ಞಾನವೆಂದು ಕರೆದು ಕೈತೊಳೆದುಕೊಳ್ಳುವುದು ಓದಿದವರಿಗೆ ಸುಲಭವಾಗಿದೆ. ಅದು ಸರಿಯಲ್ಲ. ಕೂಲಿಯವನಿಗೆ ತನ್ನ ಗಾಯದ ಲೆಕ್ಕವು ಚೆನ್ನಾಗಿಯೇ ತಿಳಿದಿರುವುದು. ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಇಲ್ಲ. ಹೋಗಿ ಬರುವ ಖರ್ಚು ಬೇರೆ. ವಾರದವರೆಗೆ ಕೈಯನ್ನು ನೆನೆಸಕೂಡದೆಂದು ವೈದ್ಯರು ಹೇಳಿದರೆ ನಾಟಿಯ ಹಂಗಾಮೇ ಕಳೆದುಹೋಯಿತು. ಮುಂದಿನ ಸಲ ಮೇಸ್ತ್ರಿಯು ಬೇರೊಬ್ಬನನ್ನು ಕರೆದುಕೊಳ್ಳುವನು. ಗಾಯವನ್ನು ತೋರಿಸಿದವನಿಗೆ ನಷ್ಟ, ಮುಚ್ಚಿಟ್ಟವನಿಗೆ ಗಟ್ಟಿಗನೆಂಬ ಹೊಗಳಿಕೆ. ಈ ಹೊಗಳಿಕೆಯನ್ನು ಧಾರಾಳವಾಗಿ ಕೊಡುವವರಲ್ಲಿ ಹೊಲದ ಯಜಮಾನರೇ ಮೊದಲಿಗರು.

ಕಬ್ಬಿನ ಕಟಾವಿನಲ್ಲಿ ಇದು ಮತ್ತಷ್ಟು ಸ್ಪಷ್ಟವಾಗಿ ಕಾಣುವುದು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಸಕ್ಕರೆ ಕಾರ್ಖಾನೆಗಳ ಸೀಮೆಗಳಿಗೆ, ಕೆಲವರು ಉತ್ತರ ಕರ್ನಾಟಕಕ್ಕೂ, ವರ್ಷವರ್ಷವೂ ಸಂಸಾರಸಮೇತರಾಗಿ ಹೋಗುತ್ತಾರೆ. ಗಂಡಹೆಂಡಿರಿಬ್ಬರನ್ನೂ ಕೂಡಿಸಿ ಒಂದು ‘ಕೊಯ್ತಾ’ ಎಂದೆಣಿಸಿ ಮುಂಗಡ ಹಣ ಕೊಡುವುದು ಅವರಲ್ಲಿಯ ಪದ್ಧತಿ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಮನುಷ್ಯರಿಬ್ಬರಿಗೆ ಆಯುಧದ ಹೆಸರೇ ನಿಂತಿದೆ. ಜೋಡಿಯಲ್ಲಿ ಒಬ್ಬರು ಒಂದು ದಿನ ತಪ್ಪಿದರೂ ದಂಡವು ಮುಂಗಡದ ಸಾಲಕ್ಕೆ ಸೇರುವುದುಂಟು. ಹೀಗಿರುವಲ್ಲಿ, ಕಾಲಿಗೆ ಕತ್ತಿ ತಗಲಿದ ಹೆಂಗಸು ಅದನ್ನು ಸೀರೆಯ ನೆರಿಗೆಯಲ್ಲಿ ಮರೆಮಾಡಿದರೆ ಆಕೆಯನ್ನು ಮೂಢಳೆನ್ನಲು ಯಾರಿಗೆ ಬಾಯಿ ಬಂದೀತು?

ಆದರೆ ಹೊಲದ ಮಣ್ಣಿಗೆ ಈ ಲೆಕ್ಕಗಳ ಗೊಡವೆಯಿಲ್ಲ. ಧನುರ್ವಾಯುವನ್ನುಂಟುಮಾಡುವ ಸೂಕ್ಷ್ಮಜೀವಿಯು ಮಣ್ಣಿನಲ್ಲಿಯೂ ದನದ ಸಗಣಿ ಕುದುರೆಯ ಲದ್ದಿಗಳಲ್ಲಿಯೂ ಬೀಜರೂಪದಿಂದ ವರ್ಷಗಟ್ಟಲೆ ಬದುಕಿರುವುದು. ಗಾಳಿ ಸುಳಿಯದ ಆಳವಾದ ಗಾಯವೇ ಅದಕ್ಕೆ ಹಸನಾದ ನೆಲ. ಆದಕಾರಣ ರಕ್ತ ಸುರಿಯುವ ದೊಡ್ಡ ಗಾಯಕ್ಕಿಂತಲೂ, ಜಾಲಿಯ ಮುಳ್ಳೋ ಮೊಳೆಯೋ ಚುಚ್ಚಿ ಬಾಯಿ ಮುಚ್ಚಿಕೊಂಡ ಗಾಯವು ಕೆಲವು ವೇಳೆ ಹೆಚ್ಚು ಮೋಸದ್ದಾಗಿರುವುದು. ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ, ಗಾಯದ ನೆನಪೂ ಮಾಸುತ್ತಿರುವಾಗ, ದವಡೆ ಬಿಗಿಯುವುದು. ಆಮೇಲೆ ಕುತ್ತಿಗೆ, ಬೆನ್ನು. ನರಗಳನ್ನು ಹಿಡಿದುಕೊಂಡ ನಂಜನ್ನು ಬಿಡಿಸುವ ಮದ್ದು ಇಂದಿಗೂ ಇಲ್ಲ. 1890ರಲ್ಲಿ ಬರ್ಲಿನ್ ನಗರದಲ್ಲಿ ಬೇರಿಂಗ್, ಕಿಟಸಾಟೊ ಎಂಬ ವಿದ್ವಾಂಸರು ತೋರಿಸಿಕೊಟ್ಟ ಮಾರ್ಗದಿಂದ ಬಂದ ಪ್ರತಿವಿಷವು ನರಗಳನ್ನು ಇನ್ನೂ ಸೇರದಿರುವ ನಂಜನ್ನು ಮಾತ್ರ ತಡೆಯಬಲ್ಲುದು. ಗಾಯವನ್ನು ಮುಚ್ಚಿಟ್ಟವನು ಕಳೆದುಕೊಳ್ಳುವುದು ಈ ಸಮಯವನ್ನೇ.

ಬಾಣಂತಿಯರಿಗೂ ಹಸುಗೂಸುಗಳಿಗೂ ತಗಲುತ್ತಿದ್ದ ಧನುರ್ವಾಯುವು ಭಾರತದಲ್ಲಿ ನಿವಾರಣೆಯಾಯಿತೆಂದು 2015ರಲ್ಲಿ ಸಾರಲ್ಪಟ್ಟಿತು. ಗರ್ಭಿಣಿಯರಿಗೆ ಚುಚ್ಚುಮದ್ದು ಹಾಕಿದುದರ ಮತ್ತು ಶುಚಿಯಾದ ಹೆರಿಗೆಯ ಫಲವಿದು. ಮಣ್ಣಿನಲ್ಲಿರುವ ಬೀಜವಾದರೋ ಹಾಗೆಯೇ ಇದೆ. ನಡುವಯಸ್ಸಿನ ರೈತನೊಬ್ಬನನ್ನು, ಕಡೆಯ ಸಲ ಚುಚ್ಚುಮದ್ದು ಹಾಕಿಸಿಕೊಂಡುದು ಯಾವಾಗಲೆಂದು ಕೇಳಿದರೆ ಉತ್ತರವು ಬರುವುದು ಅಪರೂಪ. ಮಣ್ಣು ಸಗಣಿ ಸೋಕಿದ ಗಾಯವಾಗಿ, ಹಿಂದಿನ ಚುಚ್ಚುಮದ್ದಿಗೆ 5 ವರ್ಷ ಮೀರಿದ್ದರೆ, ಮತ್ತೊಂದನ್ನು ಹಾಕಿಸತಕ್ಕದ್ದು. ಗಾಯವನ್ನು ಒಡನೆಯೇ ಶುದ್ಧವಾದ ನೀರಿನ ಧಾರೆಯಿಂದಲೂ ಸಾಬೂನಿನಿಂದಲೂ ತೊಳೆಯಬೇಕು. ಸುಣ್ಣ, ಕಾಫಿಪುಡಿಗಳನ್ನು ಮೆತ್ತಕೂಡದು. ಸಗಣಿಯನ್ನು ಮೆತ್ತುವುದಂತೂ ರೋಗವನ್ನು ಕೈಯಾರ ಬಿತ್ತಿದಂತೆ.

ಒಕ್ಕುವ ಯಂತ್ರಕ್ಕೆ ಕೈ ಸಿಕ್ಕಿದಾಗ ಮುಚ್ಚಿಡುವ ಬಗೆಯೇ ಬೇರೆ. ಇಲ್ಲಿ ಮರೆಮಾಡುವವನು ಬಹುಮಟ್ಟಿಗೆ ಆಳಲ್ಲ, ಯಜಮಾನ. ಪೊಲೀಸರ ವಿಚಾರಣೆಗೆ ಹೆದರಿ, “ಜಾರಿ ಬಿದ್ದೆನೆಂದು ಹೇಳು” ಎಂದು ದಾರಿಯಲ್ಲಿಯೇ ಪಾಠವಾಗುವುದುಂಟು. ಪೆಟ್ಟಿನ ನಿಜವಾದ ಬಗೆ ತಿಳಿಯದೆ ವೈದ್ಯರು ಒಳಗೆ ಜಜ್ಜಿಹೋದ ಮಾಂಸವನ್ನು ಹೇಗೆ ಊಹಿಸಬೇಕು? ಇದಲ್ಲದೆ, ಇಂತಹ ಯಂತ್ರಗಳಲ್ಲಿ ದುಡಿದು ಅಂಗವನ್ನೋ ಪ್ರಾಣವನ್ನೋ ಕಳೆದುಕೊಂಡವರಿಗೆ ಪರಿಹಾರವನ್ನು ಗೊತ್ತುಮಾಡುವುದಕ್ಕಾಗಿಯೇ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯಿದೆಯಾಯಿತು. ಆಸ್ಪತ್ರೆಯ ಚೀಟಿಯಲ್ಲಿ ‘ಬಿದ್ದ ಪೆಟ್ಟು’ ಎಂದು ಬರೆಯಿಸಿದ ಮೇಲೆ ಆ ಹಕ್ಕನ್ನು ಸಾಧಿಸುವುದು ಕಷ್ಟ. ಕೈಯೂ ಹೋಯಿತು, ಸಾಕ್ಷಿಯೂ ಹೋಯಿತು. ಬೆರಳು ಕತ್ತರಿಸಿಹೋದಲ್ಲಿ ಅದನ್ನು ಎಸೆಯದೆ, ಶುಭ್ರವಾದ ಒದ್ದೆಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಮೇಲಿರಿಸಿಕೊಂಡು ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆರಳಿಗೆ ಮಂಜು ನೇರವಾಗಿ ತಗಲಕೂಡದು. ಹೊತ್ತು ಮೀರದಿದ್ದರೆ ಕೆಲವು ವೇಳೆ ಅದನ್ನು ಮತ್ತೆ ಕೂಡಿಸಲಾಗುವುದು.

ಆಳುಗಳು ಗಾಯವನ್ನು ಹೇಳಿಕೊಳ್ಳಬೇಕೆಂದು ಬೋಧಿಸುವುದಕ್ಕಿಂತ, ಹೇಳಿಕೊಂಡರೆ ನಷ್ಟವಿಲ್ಲದಂತೆ ಮಾಡುವುದು ಫಲಕಾರಿ. ಗಾಯಗೊಂಡವನಿಗೆ ಆ ದಿನದ ಕೂಲಿ ತಪ್ಪದೆಂದೂ, ಆಸ್ಪತ್ರೆಗೆ ಕರೆದೊಯ್ಯುವ ಭಾರವು ಹೊಲದವರದೆಂದೂ, ಕೈ ಮಾಗಿದ ಮೇಲೆ ಕೆಲಸವು ಅವನಿಗೇ ಉಳಿದಿರುವುದೆಂದೂ, ಕೊಯ್ಲು ಹಿಡಿಯುವ ದಿನವೇ ಎಲ್ಲರೆದುರಿಗೂ ಯಜಮಾನನು ಹೇಳಿಡಲಿ. ಇದಕ್ಕೆ ತಗಲುವ ವೆಚ್ಚವು ಸುಗ್ಗಿಯ ಲೆಕ್ಕದಲ್ಲಿ ಅಲ್ಪವೇ ಸರಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದೊರೆಯುವ ಧನುರ್ವಾಯುವಿನ ಚುಚ್ಚುಮದ್ದನ್ನು ಹಂಗಾಮಿಗೆ ಮುಂಚೆಯೇ ಆಳುಗಳಿಗೆಲ್ಲ ಹಾಕಿಸಬಹುದು. ಯಜಮಾನನೂ ಆ ಸಾಲಿನಲ್ಲಿಯೇ ನಿಂತು ಹಾಕಿಸಿಕೊಳ್ಳುವುದೊಳ್ಳೆಯದು. ಗದ್ದೆಯ ಬದುವಿನ ಮೇಲೆ ಬರಿಗಾಲಿನಲ್ಲಿ ಓಡಾಡುವವರಲ್ಲಿ ಅವನೂ ಒಬ್ಬನಷ್ಟೆ.