ಮೊದಲು ದಾಳಿಯೋ, ಮೊದಲು ಹಿಡಿತವೋ?

ಸಿರಿಗೆರೆಯಿಂದ ಎಂಟನೇ ತರಗತಿಯ ಹುಡುಗನೊಬ್ಬ ಪತ್ರ ಬರೆದಿದ್ದಾನೆ. ಅವರ ಶಾಲೆಯ ಕಬಡ್ಡಿ ತಂಡದಲ್ಲಿ ಜಗಳ ಹತ್ತಿದೆಯಂತೆ. ಸಂಜೆ ಅಭ್ಯಾಸಕ್ಕೆ ಸಿಗುವುದು ಒಂದೇ ಗಂಟೆ. ಅಷ್ಟೂ ಹೊತ್ತು ರೈಡ್ ಮಾಡೋಣ ಅನ್ನುವವರು ಐದು ಜನ, ಹಿಡಿಯುವುದನ್ನು ಕಲಿಯೋಣ ಅನ್ನುವವರು ಇಬ್ಬರು. ಇವನು ಆ ಇಬ್ಬರಲ್ಲೊಬ್ಬ, ಎಡ ಕಾರ್ನರ್‌ನಲ್ಲಿ ನಿಲ್ಲುವವನು. ‘ರೈಡ್ ಹೋಗಿ ಬಂದವನಿಗೆ ಎಲ್ಲರೂ ಚಪ್ಪಾಳೆ ಹೊಡೀತಾರೆ. ನಾನು ಕಾಲು ಹಿಡಿದು ಮೊಣಕೈ ತರಚಿಕೊಂಡರೆ ಏಳೋ ಬೇಗ ಅಂತಾರೆ. ಆಟ ಬಿಟ್ಟುಬಿಡಲಾ?’ ಎಂದು ಕೇಳಿದ್ದಾನೆ.

ಬಿಡಬೇಡಪ್ಪ. ಯಾಕೆ ಅಂತ ಹೇಳುತ್ತೇನೆ. ಉಳಿದ ಐದು ಜನಕ್ಕೂ ಇದನ್ನು ಓದಿಸು.

ಈ ಜಗಳ ನಿಮ್ಮದೊಂದೇ ಅಲ್ಲ. ಅಮೆರಿಕದವರು ಫುಟ್‌ಬಾಲ್ ಅಂತ ಕರೆಯುವ ಆಟ ಒಂದಿದೆ. ಹೆಸರು ಫುಟ್‌ಬಾಲ್ ಆದರೂ ಮೊಟ್ಟೆಯಾಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಆಡುತ್ತಾರೆ! ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು. ಚೆಂಡನ್ನು ಎದೆಗವಚಿಕೊಂಡು ನುಗ್ಗಿ ಓಡಬಹುದು, ಇಲ್ಲವೇ ದೂರದ ಜೊತೆಗಾರನಿಗೆ ಎಸೆಯಬಹುದು. ಹೀಗೆ ಮುಂದಕ್ಕೆ ಎಸೆಯಲು ನಿಯಮ ಒಪ್ಪಿದ್ದು 1906ರಲ್ಲಿ. ಓಟ ಮೊದಲೋ ಎಸೆತ ಮೊದಲೋ ಎಂಬ ವಾದ ಅಲ್ಲಿ ಇನ್ನೂ ಮುಗಿದಿಲ್ಲ. 2015ರ ಫೆಬ್ರುವರಿ 1ರ ಫೈನಲ್‌ನಲ್ಲಿ ಸಿಯಾಟಲ್ ತಂಡಕ್ಕೆ ಗೆಲ್ಲಲು ಬೇಕಾಗಿದ್ದದ್ದು ಒಂದೇ ಒಂದು ಗಜ, ಉಳಿದದ್ದು ಅರ್ಧ ನಿಮಿಷಕ್ಕೂ ಕಡಿಮೆ. ಗೂಳಿಯಂತೆ ನುಗ್ಗುವ ಮಾರ್ಶಾನ್ ಲಿಂಚ್ ಅವರ ಕಡೆಯೇ ಇದ್ದ. ಎಲ್ಲರೂ ಅವನು ಓಡುತ್ತಾನೆ ಅಂದುಕೊಂಡರೆ, ಅವರು ಚೆಂಡು ಎಸೆದರು. ಎದುರಾಳಿ ಮಾಲ್ಕಮ್ ಬಟ್ಲರ್ ನಡುವೆ ನುಗ್ಗಿ ಅದನ್ನು ಹಿಡಿದುಬಿಟ್ಟ. ಸಿಯಾಟಲ್ 24–28ರಲ್ಲಿ ಸೋತಿತು.

ಆದರೆ ಓಡುವವನ ಭಯ ಇದ್ದರೆ ಎದುರಾಳಿಗಳು ಮುಂದೆ ಒತ್ತಿ ನಿಲ್ಲುತ್ತಾರೆ, ಆಗ ಹಿಂದೆ ಜಾಗ ಖಾಲಿಯಾಗಿ ಎಸೆಯುವವನಿಗೆ ಅನುಕೂಲ. ಅಂದರೆ ಒಬ್ಬನ ಕೆಲಸ ಇನ್ನೊಬ್ಬನಿಗೆ ದಾರಿ ಮಾಡಿಕೊಡುತ್ತದೆ. ಕಬಡ್ಡಿಯಲ್ಲಿ ಈ ನಂಟು ಇನ್ನೂ ಬಿಗಿ.

ರೈಡರ್ ಔಟಾದರೆ ಏನಾಗುತ್ತದೆ? ಹೊರಗೆ ಹೋಗಿ ಕೂರುತ್ತಾನೆ. ಅವನ ತಂಡ ಎದುರಾಳಿಯ ಒಬ್ಬನನ್ನು ಔಟ್ ಮಾಡಿದರೆ ಮಾತ್ರ ಹೊರಗಿದ್ದವರಲ್ಲಿ ಒಬ್ಬ ಒಳಗೆ ಬರುತ್ತಾನೆ. ಅದೂ ಸರದಿ ಪ್ರಕಾರ, ಮೊದಲು ಹೋದವನು ಮೊದಲು. ಬೋನಸ್ ಗೆರೆ ತುಳಿದು ಅಂಕ ತಂದರೆ ಲೆಕ್ಕಕ್ಕೆ ಒಂದು ಸೇರುತ್ತದೆಯೇ ಹೊರತು ಯಾರೂ ಒಳಗೆ ಬರುವುದಿಲ್ಲ. ಈಗ ನಿಮ್ಮ ತಂಡದ ಶೂರ ರೈಡರ್ ಹೊರಗೆ ಕೂತಿದ್ದಾನೆ, ಅವನ ಮುಂದೆ ಸರದಿಯಲ್ಲಿ ಇನ್ನಿಬ್ಬರಿದ್ದಾರೆ ಅಂತಿಟ್ಟುಕೋ. ಅವನನ್ನು ಒಳಗೆ ಕರೆಸುವವರು ಯಾರು? ಎದುರಾಳಿಯ ರೈಡರ್ ಬಂದಾಗ ಅವನ ಕಣಕಾಲಿಗೆ ಕೈ ಹಾಕುವ ನೀನು. ಕಾರ್ನರ್ ಹಿಡಿದರೆ ಬರೀ ಒಂದು ಅಂಕವಲ್ಲ, ಒಬ್ಬ ಆಟಗಾರನೂ ವಾಪಸ್. ಅಂಕಪಟ್ಟಿಯಲ್ಲಿ ಈ ಎರಡನೆಯದು ಕಾಣುವುದಿಲ್ಲ, ಅದಕ್ಕೇ ಚಪ್ಪಾಳೆ ಇಲ್ಲ.

ರೈಡರ್‌ಗಳ ಪರವಾಗಿಯೂ ಹೇಳಬೇಕು, ಇಲ್ಲದಿದ್ದರೆ ಆ ಐದು ಜನ ನನ್ನನ್ನೇ ಅಂಗಳಕ್ಕೆ ಎಳೆದಾರು. 2019ರ ಜನವರಿ 5ರಂದು ಮುಂಬೈಯಲ್ಲಿ ಪ್ರೊ ಕಬಡ್ಡಿ ಫೈನಲ್. ನಮ್ಮ ಬೆಂಗಳೂರು ಬುಲ್ಸ್‌ಗೆ ಎದುರಾಗಿದ್ದದ್ದು ಹಿಡಿತಕ್ಕೆ ಹೆಸರಾದ ಗುಜರಾತ್. ಅರ್ಧ ಆಟ ಮುಗಿದಾಗ ಗುಜರಾತ್ 16, ಬೆಂಗಳೂರು 9. ಆಮೇಲೆ ಪವನ್ ಸೆಹ್ರಾವತ್ ಎದ್ದ ನೋಡು! ಹಿಡಿಯಲು ಬಂದವರ ತಲೆಯ ಮೇಲಿಂದ ಹಾರಿ ಬರುವ ಹುಡುಗ. ಬೆಂಗಳೂರು 38–33ರಲ್ಲಿ ಗೆದ್ದಿತು, ಅದರಲ್ಲಿ 22 ಅಂಕ ಅವನೊಬ್ಬನದೇ. ಅದಕ್ಕೂ ಮೊದಲು, 2017ರಲ್ಲಿ, ಪಟ್ನಾದ ಪರದೀಪ್ ನರ್ವಾಲ್ ಒಂದೇ ರೈಡ್‌ನಲ್ಲಿ ಹರಿಯಾಣದ ಆರು ಜನರನ್ನು ಔಟ್ ಮಾಡಿ ಬಂದಿದ್ದ. ಆ ವರ್ಷ ಪ್ರಶಸ್ತಿಯೂ ಪಟ್ನಾಕ್ಕೇ. ಇಂಥವನೊಬ್ಬ ನಿಮ್ಮ ಊರಲ್ಲಿದ್ದರೆ ಬೇರೆ ಮಾತೇ ಬೇಡ, ಅವನನ್ನೇ ಮುಂದೆ ಬಿಡಿ.

ಆದರೆ 2019ರಲ್ಲೇ ಮುಂದಿನ ಟೂರ್ನಿಯಲ್ಲಿ ಏನಾಯಿತು? ಅದೇ ಪವನ್ ಹರಿಯಾಣದ ಮೇಲೆ ಒಂದೇ ಪಂದ್ಯದಲ್ಲಿ 39 ರೈಡ್ ಅಂಕ ತಂದು ದಾಖಲೆ ಮಾಡಿದ. ಇಡೀ ಟೂರ್ನಿಯಲ್ಲಿ 346. ಹಿಂದಿನ ವರ್ಷಕ್ಕಿಂತ ಎಷ್ಟೋ ಹೆಚ್ಚು. ಆದರೂ ಬೆಂಗಳೂರು ಸೆಮಿಫೈನಲ್‌ನಲ್ಲಿ ದೆಹಲಿಗೆ 38–44ರಲ್ಲಿ ಸೋತಿತು. 38 ಅಂಕ ತಂದ ದಾಳಿಯನ್ನು ಯಾರೂ ಬೈಯುವಂತಿಲ್ಲ. 44 ಬಿಟ್ಟುಕೊಟ್ಟದ್ದೇ ಸೋಲು. ಆ ಸಲ ಕಪ್ ಗೆದ್ದದ್ದು ಬೆಂಗಾಲ್ ವಾರಿಯರ್ಸ್. ಅವರಿಗೆ ಕಲಿಸಿದವರು ನಮ್ಮ ಕರ್ನಾಟಕದ ಬಿ.ಸಿ. ರಮೇಶ್, 2001ರ ಅರ್ಜುನ ಪ್ರಶಸ್ತಿ ಪಡೆದವರು. ಇವರೇ 2024ರ ಮಾರ್ಚ್‌ನಲ್ಲಿ ಪುಣೆಯ ತಂಡಕ್ಕೂ ಕಪ್ ಗೆಲ್ಲಿಸಿದರು. ಆ ಫೈನಲ್‌ನ ಅಂಕ 28–25. ಎಷ್ಟು ಕಡಿಮೆ ನೋಡು, ಎರಡೂ ಕಡೆ ಹಿಡಿಯುವವರು ಅಷ್ಟು ಗಟ್ಟಿಯಾಗಿದ್ದರು.

ಎಲ್ಲಕ್ಕಿಂತ ನೋವಿನ ಉದಾಹರಣೆ 2018ರದು. ಏಷ್ಯನ್ ಗೇಮ್ಸ್‌ಗೆ ಕಬಡ್ಡಿ ಸೇರಿದ್ದು 1990ರಲ್ಲಿ. ಅಲ್ಲಿಂದ ಸತತ ಏಳು ಸಲ ಭಾರತದ ಪುರುಷರಿಗೇ ಚಿನ್ನ. 2018ರಲ್ಲಿ ಜಕಾರ್ತಾಕ್ಕೆ ಹೋದ ತಂಡದಲ್ಲಿ ಪರದೀಪ್, ಅಜಯ್ ಠಾಕೂರ್, ರಾಹುಲ್ ಚೌಧರಿಯಂಥ ಹೆಸರಾಂತ ರೈಡರ್‌ಗಳಿದ್ದರು. ಸೆಮಿಫೈನಲ್‌ನಲ್ಲಿ ಇರಾನ್ ಸಿಕ್ಕಿತು. ಇರಾನಿನವರು ಕಾದು, ಸರಪಳಿ ಬಿಗಿದು, ಬಂದವರನ್ನು ಬಂದಹಾಗೆ ಕೆಡವಿದರು. ಭಾರತ ಗಳಿಸಿದ್ದು ಬರೀ 18, ಇರಾನ್ 27. ದಾಳಿಗೆ ಹೆಸರಾದ ತಂಡ 40 ನಿಮಿಷದಲ್ಲಿ 18 ಅಂಕ ತಂದಿತು ಅಂದರೆ ಎದುರಿನ ಹಿಡಿತ ಹೇಗಿರಬೇಕು!

ಗಡಿಯಾರದ ಲೆಕ್ಕವನ್ನೂ ಹಾಕಿ ನೋಡು. ದೊಡ್ಡವರ ಪಂದ್ಯ 40 ನಿಮಿಷ, ಒಂದು ರೈಡ್‌ಗೆ 30 ಸೆಕೆಂಡು. ಎಲ್ಲರೂ ಪೂರ್ತಿ ಹೊತ್ತು ತೆಗೆದುಕೊಂಡರೆ ಒಟ್ಟು 80 ರೈಡ್, ನಿಮ್ಮ ಪಾಲಿಗೆ 40. ಉಳಿದ 40ರಲ್ಲಿ ನೀವು ಹಿಡಿಯುವ ಕಡೆ ಇರುತ್ತೀರಿ. ಇನ್ನೂ ಒಂದಿದೆ. ನಿಮ್ಮ ರೈಡ್‌ನಲ್ಲಿ ಹೋಗುವವನು ಒಬ್ಬ, ಆರು ಜನ ನಿಂತು ನೋಡುತ್ತಾರೆ. ಎದುರಾಳಿಯ ರೈಡ್‌ನಲ್ಲಿ ಏಳೂ ಜನಕ್ಕೆ ಕೆಲಸ. ಆ ಏಳು ಜನ ಒಟ್ಟಿಗೆ ಅಭ್ಯಾಸ ಮಾಡದೆ ಚೈನ್ ಕಟ್ಟುವುದು ಹೇಗೆ? ನೀನು ಕಾಲು ಹಿಡಿದಾಗ ಪಕ್ಕದ ಕವರ್ ಅರ್ಧ ಕ್ಷಣ ತಡವಾಗಿ ಬಂದರೆ ಅವನು ನಿನ್ನನ್ನೂ ಎಳೆದುಕೊಂಡು ಗೆರೆ ಮುಟ್ಟುತ್ತಾನೆ. ರೈಡರ್ ತನ್ನ ಪಾಡಿಗೆ ಒಬ್ಬನೇ ಹೆಜ್ಜೆ, ತಿರುವು, ಉಸಿರು ಅಭ್ಯಾಸ ಮಾಡಿಕೊಳ್ಳಬಹುದು, ಬೇಕಾದರೆ ಹೊಲದ ಬದುವಿನ ಮೇಲೂ. ಹಿಡಿತಕ್ಕೆ ಮಾತ್ರ ಜೊತೆಗಾರರು ಬೇಕೇ ಬೇಕು.

ಹಾಗಾಗಿ ಒಂದು ಗಂಟೆ ಸಿಗುವ ಶಾಲಾ ತಂಡಕ್ಕೆ ನನ್ನ ತೀರ್ಮಾನ ಇದು: 40 ನಿಮಿಷ ಎಲ್ಲರೂ ಸೇರಿ ಹಿಡಿತ, 20 ನಿಮಿಷ ರೈಡ್. ಸೂರ್ಯ ಮುಳುಗಿದ ಮೇಲೂ ರೈಡ್ ಮಾಡಬೇಕೆನಿಸಿದವರು ಉಳಿದುಕೊಳ್ಳಲಿ. ಮಣ್ಣಿನ ಅಂಗಳವಾದರೆ ಮೊದಲು ಕಲ್ಲು ಆಯ್ದು, ನೀರು ಚಿಮುಕಿಸಿ. ಮೊಣಕೈ ತರಚಿದ್ದನ್ನು ತೊಳೆಯದೆ ಮನೆಗೆ ಹೋಗಬೇಡಿ.

ಐದು ಜನ ಇನ್ನೂ ಒಪ್ಪದಿದ್ದರೆ ಒಂದು ಅಭ್ಯಾಸ ಪಂದ್ಯ ಆಡಿ, ಆಡದೆ ಕೂತವರೊಬ್ಬರ ಕೈಗೆ ಹಳೆಯ ನೋಟುಪುಸ್ತಕ ಕೊಡಿ. ಅಂಕ ಬರೆಯುವುದು ಬೇಡ. ನಿಮ್ಮ ಅತ್ಯುತ್ತಮ ರೈಡರ್ ಎಷ್ಟು ರೈಡ್ ಹೊತ್ತು ಹೊರಗೆ ಕೂತಿದ್ದ, ಪ್ರತಿ ಸಲ ಯಾರು ಮಾಡಿದ ಔಟ್‌ನಿಂದ ಒಳಗೆ ಬಂದ, ಇವೆರಡನ್ನೇ ಬರೆಯಲಿ. ಆ ಹಾಳೆಯನ್ನು ನನಗೂ ಕಳಿಸಿ, ನೋಡೋಣ.