ದಾಖಲೆ ಇಲ್ಲ ಎಂದರೆ ಸ್ಫೋಟವೇ ಇಲ್ಲ ಎಂದೇ?



'ಭಾರತದ ಒಂದು ಸುಪ್ತ ಜ್ವಾಲಾಮುಖಿಯನ್ನು ಹೆಸರಿಸಿ.' ಒಂದು ಅಂಕದ ಪ್ರಶ್ನೆ. 'ನಾರ್ಕೊಂಡಂ' ಎಂದು ಬರೆದರೆ ಅಂಕ ಸಿಕ್ಕಿತು, ಪಾಠ ಮುಗಿಯಿತು. ನಾನೂ ವರ್ಷಗಟ್ಟಲೆ ಹೀಗೇ ಪಾಠ ಮಾಡಿದವಳು. ಕಳೆದ ವರ್ಷ ಒಬ್ಬ ಹುಡುಗ ಎದ್ದು ನಿಂತ. "ಟೀಚರ್, ಸುಪ್ತ ಅಂದ್ರೆ ಮಲಗಿದ್ದು ಅಲ್ವಾ? ಹಾಗಾದ್ರೆ ಅದು ಎಚ್ಚರ ಇದ್ದದ್ದು ಯಾವಾಗ?" "ಅದು ಸ್ಫೋಟಿಸಿದ ದಾಖಲೆ ಇಲ್ಲ. ಅಂದ್ರೆ ಸ್ಫೋಟಿಸಿಯೇ ಇಲ್ಲ" ಎಂದುಬಿಟ್ಟೆ. "ಮತ್ತೆ ಆ ಗುಡ್ಡ ಆದದ್ದು ಹೇಗೆ?" ಮಕ್ಕಳೆಲ್ಲ ನಕ್ಕರು. ತಪ್ಪಿದ್ದು ನಾನೇ.

ನಾರ್ಕೊಂಡಂ ಅಂಡಮಾನ್ ಸಮುದ್ರದಲ್ಲಿ, ಪೋರ್ಟ್ ಬ್ಲೇರ್‌ನಿಂದ ಸುಮಾರು 260 ಕಿ.ಮೀ. ಈಶಾನ್ಯಕ್ಕಿದೆ. ಉದ್ದ 4 ಕಿ.ಮೀ., ಅಗಲ 3 ಕಿ.ಮೀ. ಇರಬಹುದು. ಎತ್ತರ ಮಾತ್ರ 710 ಮೀಟರ್. ಭಾರತದ ಭೂಫಲಕ ಬರ್ಮಾ ಫಲಕದ ಅಡಿಗೆ ಜಾರುವಲ್ಲಿ ಹುಟ್ಟಿದ ಶಿಲಾಪಾಕವೇ ಮೇಲೆದ್ದು, ಆಂಡೆಸೈಟ್, ಡೇಸೈಟ್ ಎಂಬ ಕಲ್ಲುಗಳಾಗಿ ಗಟ್ಟಿಯಾಗಿ ಈ ದ್ವೀಪವಾಯಿತು. ಅಂದರೆ ಇಡೀ ದ್ವೀಪವೇ ಒಂದು ದಾಖಲೆ. ಕಾಗದದ ಮೇಲಿಲ್ಲ, ಅಷ್ಟೇ.

ಕಾಗದದ ಮೇಲೆ ಯಾಕಿಲ್ಲ? ನೋಡಿ ಬರೆಯುವವರು ಅಲ್ಲಿರಲಿಲ್ಲ. ಇಂದಿಗೂ ಒಂದು ಪೊಲೀಸ್ ಠಾಣೆ ಬಿಟ್ಟರೆ ಅಲ್ಲಿ ಜನವಸತಿ ಇಲ್ಲ. ಆದರೆ ಗುಡ್ಡ ಬೇರೆ ಗುರುತುಗಳನ್ನು ಉಳಿಸಿಕೊಂಡಿದೆ. ಮಳೆನೀರು ಕೊರೆದ ಆಳದ ಕಣಿವೆಗಳು, ತುದಿಯವರೆಗೂ ದಟ್ಟ ಕಾಡು, ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ನಾರ್ಕೊಂಡಂ ಮಂಗಟ್ಟೆ ಹಕ್ಕಿ. ಇವೆಲ್ಲ ಹೇಳುವುದು ಅದು ಬಹುಕಾಲದಿಂದ ತಣ್ಣಗಿದೆ ಎಂದು. ಎಂದೂ ಉರಿದಿಲ್ಲ ಎಂದಲ್ಲ.

ಹೆಸರು 'ನರಕಕುಂಡ'ದಿಂದ ಬಂತು ಎನ್ನುವವರಿದ್ದಾರೆ. ಹಾಗಾದರೆ ಯಾರೋ ಬೆಂಕಿ ಕಂಡಿರಬೇಕು ಎಂದು ಮಕ್ಕಳು ಹೇಳಬಹುದು. ಪಕ್ಕದ ಬ್ಯಾರನ್ ದ್ವೀಪದ ಹೆಸರೇ ತಪ್ಪಿ ಇದಕ್ಕೆ ಅಂಟಿಕೊಂಡಿತು ಎಂಬ ಅಭಿಪ್ರಾಯವೂ ಉಂಟು. ಹೆಸರು ಒಂದು ಸುಳಿವು ಮಾತ್ರ, ಸಾಕ್ಷ್ಯ ಅಲ್ಲ. ಈ ವ್ಯತ್ಯಾಸ ಕಲಿಸಲಿಕ್ಕೂ ಇದೇ ಒಳ್ಳೆಯ ಸಂದರ್ಭ.

ಆ ಬ್ಯಾರನ್ ದ್ವೀಪದ ಮೊದಲ ದಾಖಲಿತ ಸ್ಫೋಟ 1787ರದು. ಅದಕ್ಕೆ ಮುಂಚೆ ಅದು ಸುಮ್ಮನಿತ್ತು ಎಂದೇನೂ ಇಲ್ಲ. ಕಂಡವರು ಬರೆದದ್ದು ಆಗ. ಮುಂದೆ ಸುಮಾರು ಒಂದೂವರೆ ಶತಮಾನ ಸದ್ದಿಲ್ಲದೆ ಇದ್ದು, 1991ರಲ್ಲಿ ಮತ್ತೆ ಸಿಡಿಯಿತು. ಅದೇ ವರ್ಷದ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಸಿಡಿಯಿತು. ಹತ್ತಿರ ಹತ್ತಿರ ಐನೂರು ವರ್ಷ ತಣ್ಣಗಿದ್ದ ಬೆಟ್ಟ, ಹಿಂದಿನ ಸ್ಫೋಟದ ಲಿಖಿತ ದಾಖಲೆಯೇ ಇಲ್ಲ. ಆದರೆ ವಿಜ್ಞಾನಿಗಳು ಹಳೆಯ ಬೂದಿಯ ಪದರಗಳನ್ನು ಓದಿದರು, ಅಪಾಯದ ನಕ್ಷೆ ಬರೆದರು, ನಡುಗುವ ನೆಲಕ್ಕೆ ಯಂತ್ರ ಇಟ್ಟು ಕಾದರು. ಹತ್ತಾರು ಸಾವಿರ ಜನರನ್ನು ಮೊದಲೇ ಬೇರೆಡೆಗೆ ಕಳಿಸಲಾಯಿತು. 'ದಾಖಲೆ ಇಲ್ಲ, ಆದ್ದರಿಂದ ಭಯವಿಲ್ಲ' ಎಂದು ಕೂತಿದ್ದರೆ ಎಷ್ಟು ಜೀವ ಹೋಗುತ್ತಿತ್ತೋ!

ಮಕ್ಕಳನ್ನು ಹೆದರಿಸಿ ಎಂದು ನಾನು ಹೇಳುತ್ತಿಲ್ಲ. 'ಕಂಡಿಲ್ಲ' ಮತ್ತು 'ಇಲ್ಲ' ಎರಡೂ ಬೇರೆ ಎಂದು ಕಲಿಸೋಣ. ರೋಗಕ್ಕಾಗಲಿ, ಬಾವಿ ನೀರಿನ ಪರೀಕ್ಷೆಗಾಗಲಿ, ನಾಳೆ ಅವರಿಗೆ ಬೇಕಾಗುವುದು ಈ ಬುದ್ಧಿಯೇ.

ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಮಿತ್ರರಿಗಂತೂ ಇದು ಸುಲಭ. ನಿಮ್ಮ ಶಾಲೆಯ ಅಂಗಳದ ಕರಿಕಲ್ಲೇ ಲಾವಾ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಅದು ಹರಿದಾಗ ಬರೆದಿಡಲು ಮನುಷ್ಯನೇ ಇರಲಿಲ್ಲ. ಆದರೂ ನಮಗೆ ಗೊತ್ತಿದೆ, ಅಲ್ವಾ? ಒಂದು ಕಲ್ಲು ಮಕ್ಕಳ ಕೈಗೆ ಕೊಡಿ. ನಮ್ಮ ಕಾಸರಗೋಡಿನ ಮುರಕಲ್ಲನ್ನು ಪಕ್ಕದಲ್ಲಿಟ್ಟು ಹೋಲಿಸಲು ಬೇಕಾದರೆ ನಾನೇ ಕಳಿಸಿಕೊಡುತ್ತೇನೆ.

ಇನ್ನು ಆ ಒಂದು ಅಂಕದ ಪ್ರಶ್ನೆ. ಮುಂದಿನ ಕ್ಲಾಸ್ ಟೆಸ್ಟಿನಲ್ಲಿ ಅದನ್ನು ಹೀಗೆ ಬದಲಿಸಿ ನೋಡಿ: 'ನಾರ್ಕೊಂಡಂ ಸ್ಫೋಟಿಸಿದ್ದನ್ನು ಯಾರೂ ಬರೆದಿಟ್ಟಿಲ್ಲ. ಆದರೂ ಅದು ಜ್ವಾಲಾಮುಖಿ ಎಂದು ಹೇಗೆ ಹೇಳುವಿರಿ?' ಮೂರು ಅಂಕ ಕೊಡಿ. ಉತ್ತರ ಬರೆಯಲು ಮಕ್ಕಳು ತಿಣುಕಿದರೆ ತಿಣುಕಲಿ. ನಾನೂ ಅವತ್ತು ತಿಣುಕಿದ್ದೇನೆ.