ರೋಹಿಣಿಯ ಬಿಸಿಲು, ಒಂಬತ್ತು ಮಣಿಯ ಸರ



ಊರಿನಲ್ಲಿರುವ ನಿಮ್ಮ ಅಜ್ಜಿಗೆ ರೋಹಿಣಿ ಎಂದರೆ ಮಳೆ. ವಿಜಯವಾಡದ ನಿಮ್ಮ ಪಕ್ಕದ ಮನೆಯವರಿಗೆ ರೋಹಿಣಿ ಕಾರ್ತೆ ಎಂದರೆ ಬಂಡೆ ಬಿರಿಯುವ ಬಿಸಿಲು. ಮೇ ಕೊನೆಯ ಆ ದಿನಗಳಲ್ಲಿ ಕ್ರಿಕೆಟ್ ಆಡಿ ಬಂದಾಗ ಮೂತ್ರ ಸ್ವಲ್ಪವೇ ಆಗಿ, ಗಾಢ ಹಳದಿಯಾಗಿರುವುದನ್ನು ನೀವೂ ಗಮನಿಸಿರಬಹುದು. ಏಕೆ ಹೀಗೆ?

ಬೆವರಿನಲ್ಲಿ ನೀರು ಹೋದಂತೆ ರಕ್ತದ ಉಪ್ಪಿನ ಸಾಂದ್ರತೆ ಏರುತ್ತದೆ. ಶೇಕಡಾ ಒಂದೆರಡರಷ್ಟು ಏರಿದರೂ ಸಾಕು, ಮೆದುಳಿನ ತಳದಲ್ಲಿರುವ ಹೈಪೋಥಲಾಮಸ್ ಅದನ್ನು ಗುರುತಿಸುತ್ತದೆ. ಅಲ್ಲಿನ ನರಕೋಶಗಳು ವ್ಯಾಸೊಪ್ರೆಸಿನ್ ಎಂಬ ನ್ಯೂರೋಪೆಪ್ಟೈಡನ್ನು ರಕ್ತಕ್ಕೆ ಬಿಡುತ್ತವೆ. ಒಂಬತ್ತು ಅಮೈನೋ ಆಮ್ಲಗಳ ಪುಟ್ಟ ಸರ ಅದು. ನೀರು ಉಳಿಸು ಎಂದು ಮೂತ್ರಪಿಂಡಕ್ಕೆ ಹೇಳುವುದು ಅದರ ಕೆಲಸ.

ಕೂಡಿಟ್ಟದ್ದು ಖರ್ಚಾದರೆ ಹೊಸದನ್ನು ಮಾಡಬೇಕಲ್ಲ? ಅದರ ಬರಹವಿರುವುದು ಜೀನಿನಲ್ಲಿ. ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಆ ಜೀನ್ ಇದೆ. ಓದುವ ಕೋಶಗಳು ಮಾತ್ರ ಕೆಲವೇ. ಕರೆ ಜೋರಾದಂತೆ ಓದೂ ಜೋರಾಗುತ್ತದೆ. ಇಲಿಗಳಿಗೆ ಕೆಲವು ದಿನ ಉಪ್ಪುನೀರನ್ನಷ್ಟೇ ಕುಡಿಸಿದಾಗ ಈ ಜೀನಿನ ಆರ್‌ಎನ್‌ಎ ಪ್ರತಿಗಳು ಹೆಚ್ಚಿದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ.

ಹೊರಗಿನ ಕರೆ ಜೀನಿಗೆ ಮುಟ್ಟುವ ಒಂದು ದಾರಿ ಹೀಗಿದೆ. ಸಂಕೇತವು ಕೋಶದ ಪೊರೆಯನ್ನು ತಟ್ಟಿದಾಗ ಒಳಗೆ ಎಟಿಪಿಯಿಂದ ಸೈಕ್ಲಿಕ್ ಎಎಂಪಿ ತಯಾರಾಗುತ್ತದೆ. ಅದು ಒಂದು ಕಿಣ್ವವನ್ನು ಎಬ್ಬಿಸುತ್ತದೆ. ಆ ಕಿಣ್ವ 'ಕ್ರೆಬ್' ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಜೀನಿನ ಬಾಗಿಲಲ್ಲಿ ಕುಳಿತ ಕ್ರೆಬ್ ಆಗ ಓದುವವರನ್ನು ಒಳಗೆ ಕರೆಯುತ್ತದೆ. ಮಾರ್ಕ್ ಮಾಂಟ್‌ಮಿನಿ ಮತ್ತು ಸಂಗಡಿಗರು 1987ರಲ್ಲಿ ಕ್ರೆಬ್ಬನ್ನು ಕಂಡುಕೊಂಡದ್ದು ಸೊಮ್ಯಾಟೊಸ್ಟ್ಯಾಟಿನ್ ಎಂಬ ಇನ್ನೊಂದು ನ್ಯೂರೋಪೆಪ್ಟೈಡಿನ ಜೀನಿನ ಬಳಿ. ವ್ಯಾಸೊಪ್ರೆಸಿನ್ ಜೀನೂ ಸೈಕ್ಲಿಕ್ ಎಎಂಪಿಗೆ ಓಗೊಡುತ್ತದೆ.

ಈ ಎಟಿಪಿಯ ಕಥೆಯಲ್ಲಿ ನಮ್ಮ ನೆರೆಯವರೊಬ್ಬರಿದ್ದಾರೆ. 1929ರಲ್ಲಿ ಹಾರ್ವರ್ಡ್‌ನಲ್ಲಿ ಫಿಸ್ಕೆಯವರೊಡನೆ ಅದನ್ನು ಗುರುತಿಸಿದ ಯೆಲ್ಲಾಪ್ರಗಡ ಸುಬ್ಬರಾವ್ ಅವರು 1895ರಲ್ಲಿ ಭೀಮಾವರದಲ್ಲಿ ಹುಟ್ಟಿದವರು. ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಹೋಗುವ ಕೆಲವು ರೈಲುಗಳು ಆ ಊರಿನ ಮೇಲೇ ಹೋಗುತ್ತವೆ. ಮುಂದಿನ ಸಲ ಕಿಟಕಿಯಾಚೆ ನೋಡಿ, ನೆನೆಯಿರಿ.

ಕೊನೆಗೊಂದು ಮಾತು. ವ್ಯಾಸೊಪ್ರೆಸಿನ್ ಇರುವ ನೀರನ್ನು ಉಳಿಸಬಲ್ಲದು, ಇಲ್ಲದ ನೀರನ್ನು ತರಲಾರದು. 2015ರ ಮೇ ತಿಂಗಳ ಬಿಸಿಗಾಳಿಗೆ ಆಂಧ್ರದಲ್ಲೇ ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ವಯಸ್ಸಾದಂತೆ ಬಾಯಾರಿಕೆಯ ಅರಿವೂ ಮಂಕಾಗುತ್ತದೆ. ಆದ್ದರಿಂದ ಬೇಸಿಗೆಗೆ ಅಜ್ಜಿ ನಿಮ್ಮಲ್ಲಿಗೆ ಬಂದರೆ, ಬಾಯಾರಿಕೆಯೇ ಎಂದು ಕೇಳಿ ಸುಮ್ಮನಾಗಬೇಡಿ. ವೈದ್ಯರು ನೀರು ಮಿತವಾಗಿರಲಿ ಎಂದಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಲೋಟದ ತುಂಬ ನೀರುಮಜ್ಜಿಗೆ ತಂದು ಕೈಗಿಟ್ಟು, "ಕುಡೀರಿ ಅಜ್ಜಿ" ಎನ್ನಿ. ಹಾಗೇ ನೀವೂ ಒಂದು ಲೋಟ ಕುಡಿಯಿರಿ.